ಹಾಸಿದ ಕಂಬಳಿ

ಪ್ಲಾಸ್ಟಿಕ್ ಕುರ್ಚಿಯೊಂದು ಹಾರಿಬಂದು ಪ್ರಸಾದನ ಹಣೆಗೆ ಬಡಿಯಿತು. ಕೈಯಲ್ಲಿದ್ದ ಮೈಕು ಜಾರಿತು. ಕುರಿಗಾರರ ಗುಡ್ಡ ಉಳಿಸಲೆಂದು ನಗರದ ಹಿಂದವಾಡಿಯ ಸಂಸ್ಥೆಯಿಂದ ಖಾನಾಪುರದ ಈ ಹಳ್ಳಿಗೆ ಬಂದು ಸಭೆ ಕರೆದಿದ್ದ ಅವನು ಕುಸಿದು ಬಿದ್ದಾಗ, ಆ ಗುಡ್ಡ ಒಡೆಯಲು ಹೊರಟ ಕಲ್ಲಿನ ಕ್ವಾರಿಯ ಆಳುಗಳು ಸಂಸ್ಥೆಯ ಬ್ಯಾನರನ್ನು ಹರಿದು ತುಳಿಯುತ್ತಿದ್ದರು. ಸಭೆಯಲ್ಲಿ ಕುಳಿತಿದ್ದ ಕುರಿಗಾರ ಸಾತಪ್ಪನ ಬಾಯಿಂದ ರಕ್ತ ಸುರಿಯುತ್ತಿತ್ತು. ಅವನನ್ನು ಬಡಿಯುತ್ತಿದ್ದವನು ಅದೇ ಊರಿನ ಕುರಿಗಾರರ ಮಗ, ಈಗ ಕ್ವಾರಿಯ ಆಳಾಗಿದ್ದ ಬೀರೇಶ.

"ಇದು ಹೊರಗಿನವರ ಸಭಾ! ರೊಕ್ಕ ಕೊಟ್ಟು ಕುಂದರ್ಸ್ಯಾರ!" ಎಂದು ಕೂಗಿ ಬೀರೇಶ ಮತ್ತೆ ಬಡಿಗೆ ಎತ್ತಿದ.

ಸಾತಪ್ಪನ ಹೆಂಡತಿ ಪದ್ಮವ್ವ ಗಂಡನ ಹೆಗಲ ಮೇಲಿನ ಕರಿ ಕಂಬಳಿಯನ್ನು ಎಳೆದುಕೊಂಡಳು. ಈ ಊರಿನ ಹಿರಿಯರು ಪಂಚಾಯತಿಗೆ ಕೂಡುವುದೇ ಕಂಬಳಿಯ ಮೇಲೆ. ಹಾಸಿದ ಕಂಬಳಿಯನ್ನು ಯಾವ ಕುರಿಗಾರನೂ ಚಪ್ಪಲಿಗಾಲಲ್ಲಿ ತುಳಿಯುವುದಿಲ್ಲ, ಅದರ ಮೇಲೆ ಕುಳಿತವರಿಗೆ ಕೈ ಎತ್ತುವುದಿಲ್ಲ. ಇವತ್ತೂ ಅದನ್ನೇ ಹಾಸೋಣವೆಂದು ಅವಳು ಹೇಳಿದ್ದಳು. "ಬ್ಯಾಡ ಪದ್ಮವ್ವಾ, ಅನುದಾನ ಕೊಡೋರಿಗೆ ಫೋಟೋ ಕಳಸಬೇಕು, ಕುರ್ಚಿ ಇರಲಿ" ಎಂದವನು ಪ್ರಸಾದ.

ಮುರಿದ ಕುರ್ಚಿಗಳನ್ನು ಒದ್ದು ಸರಿಸಿ ಅವಳು ಕಂಬಳಿ ಹಾಸಿದಳು. ಗಂಡನನ್ನು ಎಳೆದು ಕೂರಿಸಿ ತಾನೂ ಕುಳಿತಳು. "ಬಾರೋ ಬೀರೇಶ, ಈಗ ಹೊಡಿ."

ಎತ್ತಿದ ಬಡಿಗೆ ಗಾಳಿಯಲ್ಲೇ ನಿಂತಿತು. ಕಂಬಳಿಯ ಅಂಚಿಗೆ ಬಂದಿದ್ದ ತನ್ನ ಬೂಟುಗಳನ್ನು ನೋಡಿ ಬೀರೇಶ ಒಂದು ಹೆಜ್ಜೆ ಹಿಂದೆ ಸರಿದ.

ಹಣೆಯ ರಕ್ತ ಒರೆಸಿಕೊಳ್ಳುತ್ತ ಎದ್ದ ಪ್ರಸಾದ, ಮೈಕು ಹುಡುಕಿ ಹಿಡಿದು ಕಂಬಳಿಯ ಕಡೆ ಕಾಲೆತ್ತಿದ.

"ಸರ, ಬೂಟು ಕಳೀರಿ," ಎಂದಳು ಪದ್ಮವ್ವ, ಬೀರೇಶನ ಮೇಲಿನ ಕಣ್ಣು ಕೀಳದೆ. "ಮೈಕು ಇತ್ತ ಕೊಡ್ರಿ."