ಒಲೆಯ ದಿಕ್ಕು

ಹಾಡು ಮುಗಿಯಿತು. ಒಂದು ದನಿಯೂ ಕಡಿಮೆ ಇರಲಿಲ್ಲ. ನರಸಿಂಹಮ್ಮ ಉಪ್ಪಿಟ್ಟಿನ ಪಾತ್ರೆ ಇಳಿಸಿ ತಿರುಗಿ ನೋಡಿದಳು. ಹೊಂಬಾಳ ಇರಲಿಲ್ಲ.

ಗಾಳಿ ಬಾಗಿಲ ಕಡೆಯಿಂದ ಬೀಸುತ್ತಿದ್ದುದರಿಂದ, ಮಕ್ಕಳಿಗೆ ಬೆನ್ನು ಮಾಡಿ ಕೂತರೆ ಮಾತ್ರ ಒಲೆಯ ಹೊಗೆ ಕಣ್ಣಿಗೆ ಬಡಿಯುತ್ತಿರಲಿಲ್ಲ. ಬಾಲವಾಡಿಯಲ್ಲಿ ಎಂಟು ವರ್ಷದಿಂದ ಹಾಗೇ ಬೇಯಿಸುತ್ತ, ಮಕ್ಕಳಿಂದ ಹಾಡು ಹೇಳಿಸಿ, ಕಿವಿಯಲ್ಲೇ ಅವರನ್ನು ಕಾದವಳು ನರಸಿಂಹಮ್ಮ. ಯಾರು ಎದ್ದು ಹೋದರೂ ಹಾಡಿನಲ್ಲಿ ಅಷ್ಟು ಜಾಗ ಖಾಲಿಯಾಗುತ್ತಿತ್ತು. ಹೊಸದಾಗಿ ಸೇರಿದ್ದ ಹೊಂಬಾಳ ಮಾತ್ರ ಹುಟ್ಟಾ ಕಿವುಡಿ, ಮಾತಿಲ್ಲ. ಅವಳಿಗೆ ಹಾಡಿನಲ್ಲಿ ಜಾಗವೇ ಇರಲಿಲ್ಲ.

ನರಸಿಂಹಮ್ಮ ಬಾವಿಯಿದ್ದ ಹಿತ್ತಲಿಗೆ ಓಡಿದಳು. ಹೋದ ವಾರ ತುಮಕೂರಿನಿಂದ ಬಂದಿದ್ದ ಸೂಪರ್‌ವೈಜರ್ ಕೌಸಲ್ಯಮ್ಮನ ಜೊತೆ ಆಡಿದ ಮಾತು ಅವಳ ಜೊತೆಗೇ ಓಡಿ ಬಂತು.

"ಇದು ಅಂಗವಿಕಲರ ವರ್ಷ ಕಣ್ರೀ. ಅಂಥ ಮಕ್ಕಳನ್ನೂ ಸೇರಿಸ್ಕೋಬೇಕು ಅಂತ ಆರ್ಡರ್ ಆಗಿದೆ."

"ಬಾವಿಗೆ ಕಟ್ಟೆ ಕಟ್ಸೋದೂ ಆ ಆರ್ಡರಲ್ಲಿ ಐತಾ ಮೇಡಂ? ಮೂವತ್ತು ಮಕ್ಳು, ನಾನೊಬ್ಳು."

"ಅದು ಬೇರೆ ಡಿಪಾರ್ಟ್‌ಮೆಂಟು," ಎಂದು ಕೌಸಲ್ಯಮ್ಮ ಮುಂದಿನ ತಪಾಸಣೆಗೆ ಚೇಳೂರಿನ ಬಸ್ಸು ಹತ್ತಿದ್ದಳು.

ಮಗು ಆ ಬಾವಿಯ ಅಂಚಿನಲ್ಲೇ ಕುಕ್ಕುರುಗಾಲಲ್ಲಿ ಕೂತು, ನೀರಿಗೆ ಕಲ್ಲು ಹಾಕಿ, ಬಳೆಬಳೆಯಾಗಿ ಹರಡುವ ಅಲೆ ನೋಡುತ್ತಿತ್ತು. ಕೂಗಿ ಏನು ಫಲ? ಹಿಂದಿನಿಂದ ಮುಟ್ಟಿದರೆ ಬೆಚ್ಚಿ ಬಿದ್ದಾಳು. ನರಸಿಂಹಮ್ಮ ದೇವರ ಹೆಸರನ್ನು ಮನಸ್ಸಿನಲ್ಲೇ ನೆನೆದು, ಬಾವಿಯನ್ನು ಸುತ್ತಿ, ಎದುರಿನ ಅಂಚಿಗೆ ಬಂದು ಮಂಡಿಯೂರಿದಳು. ಮಗು ತಲೆಯೆತ್ತಿತು. ಐದೂ ಬೆರಳು ಸೇರಿಸಿ ಬಾಯಿಗೆ ತೋರಿಸಿದಳು. ಉಪ್ಪಿಟ್ಟು! ಹೊಂಬಾಳ ನಕ್ಕು, ಎದ್ದು, ಬಾವಿಯ ಅಂಚಿನ ಮೇಲೆಯೇ ಓಡಿ ಬಂದಳು. ಆ ಏಳೆಂಟು ಹೆಜ್ಜೆ ಮುಗಿದು ಮಗು ತೋಳಿಗೆ ಸಿಗುವ ತನಕ ನರಸಿಂಹಮ್ಮ ಉಸಿರು ಬಿಡಲಿಲ್ಲ.

ಸಂಜೆ ತಾಯಿ ಪುಟ್ಟಗಂಗಮ್ಮ ಬಂದಾಗ ಮಿಕ್ಕ ಮಕ್ಕಳು ಮೊದಲೇ ವರದಿ ಒಪ್ಪಿಸಿಬಿಟ್ಟವು. ಅವಳ ಮುಖ ಬಾಡಿತು.

"ನಾಳೆಯಿಂದ ಕರ್ಕೊಂಡ್ ಬರಾಕಿಲ್ಲ ಬುಡಿ ಟೀಚರಮ್ಮ. ಮುಂಚೆ ಮಾಡ್ತಿದ್ದಂಗೇ ಮಾಡ್ತೀನಿ. ಕೂಲಿಗೆ ಹೋಗೋವಾಗ ಕಂಬಕ್ಕೆ ಕಟ್ಟಾಕಿ ಹೋಯ್ತೀನಿ."

"ಕಂಬಕ್ಕಾ?"

"ಇನ್ನೇನ್ ಮಾಡ್ಲವ್ವಾ? ನಮ್ಮನೆ ಹಿಂದ್ಗಡೇನೂ ಬಾವಿ ಐತಲ್ಲ."

ನರಸಿಂಹಮ್ಮ ಮಗುವಿನ ಕಣಕಾಲಿನ ಸುತ್ತಲ ಕಲೆ ನೋಡಿದಳು. ಇಷ್ಟು ದಿನ ಅದು ಕಾಲುಗೆಜ್ಜೆ ಉಜ್ಜಿದ್ದು ಎಂದುಕೊಂಡಿದ್ದಳು. ಆ ಕಾಲಿಗೆ ಗೆಜ್ಜೆಯೇ ಇರಲಿಲ್ಲ.

"ನನ್ ಕೈ ನೋಡು, ಇನ್ನೂ ನಡುಗ್ತಾವೆ," ಎಂದಳು. "ನಾಳೇನೂ ನಡುಗ್ತಾವೆ. ಆದ್ರೂ ಕರ್ಕೊಂಡ್ ಬಾರೇ."

ಮರುದಿನ ಹಾಡು ಶುರುವಾದಾಗ ನರಸಿಂಹಮ್ಮ ಒಲೆಯ ಆಚೆ ಬದಿಗೆ, ಹೊಂಬಾಳ ಕೂಡ ಇದ್ದ ಮಕ್ಕಳ ಸಾಲಿಗೆ ಮುಖ ಮಾಡಿ ಕೂತಿದ್ದಳು. ಹೊಗೆ ನೇರವಾಗಿ ಬಂದು ಮುಖಕ್ಕೆ ಬಡಿಯಿತು. ಕಣ್ಣಲ್ಲಿ ನೀರು ಧಾರೆಯಾಗಿ ಸುರಿಯುತ್ತಿತ್ತು. ರೆಪ್ಪೆ ಮಾತ್ರ ಮುಚ್ಚಲಿಲ್ಲ.