ತಟ್ಟೆಯ ಮೇಲಿನ ಚಕ್ರವ್ಯೂಹ

ಕೇಸರಿ ತೇಯ್ದ ವಾಸನೆ ಬಂದರೆ ಈಗಲೂ ನನಗೆ ಹಳೇಬೀಡಿನ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಒಳಕೋಣೆಯಲ್ಲಿ ಚಿಕ್ಕಮ್ಮ ಬೆಳಗಿನಿಂದ ಹೆರಿಗೆ ನೋವು ತಿನ್ನುತ್ತಿದ್ದಳು. ಹೊಸ್ತಿಲ ಬಳಿ ಕೂತ ಅಜ್ಜಿ, ಬೆರಳೆತ್ತದೆ ಕಂಚಿನ ತಟ್ಟೆಯ ಮೇಲೆ ಕೇಸರಿಯಲ್ಲಿ ಸುತ್ತುಸುತ್ತಾಗಿ ಚಕ್ರವ್ಯೂಹ ಬರೆದಳು. ಅದನ್ನು ತೊಳೆದ ನೀರು ಕುಡಿಸಿದರೆ ಮಗುವಿಗೆ ಹೊರಬರುವ ದಾರಿ ಸಿಗುತ್ತದಂತೆ.

ದೇವಸ್ಥಾನದ ಗೋಡೆಯಲ್ಲಿ ಅದೇ ಚಿತ್ರ ನೋಡಿದ್ದ ನನಗೆ ಅಳುವೇ ಬಂತು. “ಅಭಿಮನ್ಯು ಹೊರಗೆ ಬರಲೇ ಇಲ್ವಲ್ಲಜ್ಜಿ?”

“ಅವರವ್ವ ಕತೆ ಕೇಳ್ತಾ ಕೇಳ್ತಾ ನಿದ್ದೆ ಹೋದ್ಲು ಕಣೇ. ನಿಮ್ಮ ಚಿಕ್ಕಮ್ಮ ಊರನ್ನೇ ಎಬ್ಬಿಸ್ತಾವ್ಳೆ, ಕೇಳಿಸ್ತಿಲ್ವಾ?” ಎಂದು ಅಜ್ಜಿ ನಕ್ಕುಬಿಟ್ಟಳು.

ಸೂಲಗಿತ್ತಿ ಬಂದು ತಟ್ಟೆ ತೊಳೆದು ಆ ನೀರನ್ನು ಒಳಗೆ ಒಯ್ದಳು. ಅಜ್ಜಿ ನಗುತ್ತಲೇ ಕೂತಿದ್ದಳು. ಆದರೆ ಮಗುವಿನ ಅಳು ಕೇಳುವವರೆಗೂ ಅವಳ ಕೇಸರಿ ಬೆರಳು ಬರಿನೆಲದ ಮೇಲೆ ಸುತ್ತುತ್ತಲೇ ಇತ್ತು.