ಹೆಂಡತಿಯ ಪಿಸ್ತೂಲು

"ನನ್ನ ಹೆಂಡತಿಗೊಂದು ಪಿಸ್ತೂಲು ಬೇಕು," ಎಂದ ಹಾರ್ಲನ್, ಹೆಂಡತಿಗೆ ಬೆನ್ನು ಮಾಡಿ ನಿಂತು.

ಬಂದೂಕಿನ ಅಂಗಡಿಯ ಡೆಲ್ಬರ್ಟ್ ಎರಡನ್ನು ತೆಗೆದು ಹಸಿರು ಬಟ್ಟೆಯ ಮೇಲಿಟ್ಟ. ಎರಡೂ ಸಣ್ಣ ಗುಂಡಿನವೇ. ಬಿಡುವಿನ ದಿನ ತಗಡಿನ ಡಬ್ಬಕ್ಕೋ ಕಾಗದದ ಗುರಿಗೋ ಹೊಡೆಯಲು ಊರಿನವರು ಇಟ್ಟುಕೊಳ್ಳುವಂಥವು. ಒಂದು ಇಡೀ ಉಕ್ಕಿನದು, ಉದ್ದ ನಳಿಗೆ, ಎತ್ತಿದರೆ ಮಣಿಕಟ್ಟು ಜಗ್ಗುತ್ತಿತ್ತು. ಇನ್ನೊಂದು ಗಿಡ್ಡ, ಹಗುರ, ಹಿಡಿಕೆ ಪ್ಲಾಸ್ಟಿಕ್ಕಿನದು. ಹೆಂಡತಿ ನೋರೀನ್ ಗಿಡ್ಡದ್ದನ್ನು ಎತ್ತಿಕೊಂಡಳು. ಖಾಲಿಯಿದೆ ಎಂದು ಡೆಲ್ಬರ್ಟ್ ತೋರಿಸಿದ್ದರೂ ತಾನೂ ಒಮ್ಮೆ ಇಣುಕಿ ನೋಡಿದಳು, ಸಮಾಧಾನವಾಗದೆ ಮತ್ತೊಮ್ಮೆ ನೋಡಿದಳು. ಆಮೇಲೆ ಅದರ ಮೇಲ್ಭಾಗವನ್ನು ಹಿಂದಕ್ಕೆಳೆದಳು. ಸಂಧಿವಾತದ ಹೆಬ್ಬೆರಳು ಚಕಾರವೆತ್ತಲಿಲ್ಲ.

"ಅದು ಆಟಿಕೆ, ಬಿಡು," ಎಂದ ಹಾರ್ಲನ್. "ಇದನ್ನ ಹಿಡಿ. ಪಿಸ್ತೂಲು ಅಂದ್ರೆ ಇದು."

ನೋರೀನ್ ಉದ್ದದ್ದನ್ನು ಹಿಡಿದು ಎಳೆದು ನೋಡಿದಳು. ಹೆಬ್ಬೆರಳು ಚುರ್ರೆಂದಿತು. "ಇದು... ಒಂಥರಾ ಬೇರೆ ಇದೆ," ಎಂದಳು.

ಅಮೆರಿಕದ ಮಿನೆಸೋಟದ ಆ ಭಾಗದಲ್ಲಿ ಮರ್ಯಾದಸ್ಥರು ಇದಕ್ಕಿಂತ ಕಟುವಾದ ಮಾತಾಡುವುದಿಲ್ಲ. ಚರ್ಚಿನ ಊಟಕ್ಕೆ ಯಾರೋ ಮಾಡಿ ತಂದ, ಬಾಯಿಗಿಡಲಾಗದ ತಿನಿಸಿಗೂ ಇದೇ ಮಾತು, ಮಗಳು ಕರೆತಂದ ಅಳಿಯನಿಗೂ ಇದೇ ಮಾತು. ಡೆಲ್ಬರ್ಟ್‌ಗೆ ಅರ್ಥವಾಯಿತು, ಸುಮ್ಮನೆ ಕೆಮ್ಮಿದ. ಹಾರ್ಲನ್‌ಗೆ ಮಾತ್ರ ಮದುವೆಯಾದಾಗಿನಿಂದ ಅರ್ಥವಾಗಿಲ್ಲ.

"ಬೇರೆ ಇರ್ಲೇಬೇಕಲ್ಲ ಮತ್ತೆ!" ಎಂದು ಹಿಗ್ಗಿದ.

ಗುರುವಾರದ ಹೆಂಗಸರ ಗುರಿ ಅಭ್ಯಾಸಕ್ಕೆ ಸೇರಬೇಕೆಂದು ನೋರೀನ್ ಚಳಿಗಾಲವಿಡೀ ಚೂರುಚೂರೇ ಧೈರ್ಯ ಕೂಡಿಸಿಕೊಂಡಿದ್ದಳು. ಈಗ ಅದು ಸೋರಿಹೋಗತೊಡಗಿತು. ಹಾರ್ಲನ್ ಅವಳಿಗೆಂದು ಕೊಂಡ ವಸ್ತುಗಳ ಗತಿ ಅವಳಿಗೆ ಗೊತ್ತಿತ್ತು. ಅವಳ ಹುಟ್ಟುಹಬ್ಬಕ್ಕೆ ದೋಣಿ ತಂದು, ಅದರ ಪಕ್ಕೆಯ ಮೇಲೆ ದೊಡ್ಡಕ್ಷರದಲ್ಲಿ ಅವಳ ಹೆಸರನ್ನೇ ಬರೆಸಿದ್ದ. ದೋಣಿಯಾದ ನೋರೀನ್ ಬೇಸಿಗೆಯಿಡೀ ಕೆರೆಯ ಮೇಲೆ ಗಂಡನ ಜೊತೆ ತೇಲುತ್ತಿತ್ತು. ಮನೆಯ ನೋರೀನ್ ಹಿತ್ತಲಲ್ಲಿ ಕೂತು ಮೀನಿನ ಹೊಟ್ಟೆ ಸೀಳುತ್ತಿದ್ದಳು.

"ಉದ್ದದ್ದು ಬೇಕಾದ್ರೆ ಇಲ್ಲೇ ಬಿಚ್ಚಿ, ಇಲ್ಲೇ ಜೋಡಿಸಿ ತೋರಿಸ್ಬೇಕು," ಎಂದ ಡೆಲ್ಬರ್ಟ್. "ನನ್ನಂಗಡಿ ಕಾನೂನು. ಇಲ್ಲಾಂದ್ರೆ ಒಂದು ವಾರದೊಳಗೆ ಎಲ್ರೂ ಚೀಲ ಹಿಡ್ಕೊಂಡು ಬರ್ತಾರೆ."

ಅವನ ಹಿಂದಿನ ಹಲಗೆಯ ಮೇಲೆ ಕಂದು ಕಾಗದದ ಚೀಲಗಳು ಸಾಲಾಗಿ ಕೂತಿದ್ದವು. ಒಂದೊಂದರಲ್ಲೂ ಶುಚಿ ಮಾಡಲೆಂದು ಬಿಚ್ಚಿ, ಮತ್ತೆ ಜೋಡಿಸಲಾಗದ ಒಂದೊಂದು ಪಿಸ್ತೂಲು. ತಂದವರಲ್ಲಿ ಒಬ್ಬನೂ ತನ್ನದೆಂದು ಒಪ್ಪಿದವನಲ್ಲ. ಭಾವನದು, ಪಕ್ಕದ ಮನೆಯವನದು, ತೀರಿಹೋದ ಚಿಕ್ಕಪ್ಪನದು.

"ನಾನು ಟ್ರ್ಯಾಕ್ಟರ್ ಇಂಜಿನ್ನೇ ಬಿಚ್ಚಿ ಜೋಡಿಸಿದೋನು ಮಾರಾಯ," ಎಂದ ಹಾರ್ಲನ್.

"ಟ್ರ್ಯಾಕ್ಟರಿಗೆ ಮಾನ ಮರ್ಯಾದೆ ಗೊತ್ತು. ಇದಕ್ಕೆ ಗೊತ್ತಿಲ್ಲ."

ಹಾರ್ಲನ್ ಕಣ್ಣು ಮಿಟುಕಿಸುವಷ್ಟರಲ್ಲಿ ಬಿಚ್ಚಿ ಹರಡಿದ, ಮೀಸೆ ತೀಡಿಕೊಂಡ. ಜೋಡಿಸಲು ಕೂತ. ಹಿಡಿಕೆಯೊಳಗಿನ ಒಂದು ಪುಟ್ಟ ಕಡ್ಡಿ ತನ್ನ ಗುಳಿಯಲ್ಲಿ ಕೂರಬೇಕು, ಅದು ಕೂರಲೊಲ್ಲದು. ಅಲುಗಾಡಿಸಿದ, ತಲೆಕೆಳಗು ಮಾಡಿದ, ಊದಿದ. ಡೆಲ್ಬರ್ಟ್ ನಿಟ್ಟುಸಿರಿಟ್ಟು ಗಿಡ್ಡ ಪಿಸ್ತೂಲನ್ನೂ ಒಂದು ಪೊಟ್ಟಣ ಗುಂಡನ್ನೂ ತೆಗೆದುಕೊಂಡು, "ಬಾ ನೋರೀನ್, ಅಷ್ಟರಲ್ಲಿ ನೀನೊಂದು ಕೈ ನೋಡು," ಎಂದು ಅವಳನ್ನು ಹಿತ್ತಲಿಗೆ ಕರೆದೊಯ್ದ.

ಮಣ್ಣಿನ ದಿಬ್ಬದ ಮುಂದೆ ಡಬ್ಬಗಳು ನಿಂತಿದ್ದವು. ಮೊದಲ ಗುಂಡು ಮಣ್ಣು ತಿಂದಿತು. ಮುಂದಿನದು ಎಲ್ಲಿ ಹೋಯಿತೋ ಕಾಣಲಿಲ್ಲ. ಆಮೇಲಿನದಕ್ಕೆ ಹುರುಳಿಕಾಯಿಯ ಡಬ್ಬವೊಂದು ನಿಂತಲ್ಲೇ ಕುಣಿದು ಬಿತ್ತು. ಯಾರಾದರೂ ಬೈಯುತ್ತಾರೇನೋ ಎಂಬಂತೆ ನೋರೀನ್ ಹಿಂದೆ ನೋಡಿದಳು.

"ನೀನೇ ಮಾಡಿದ್ದು," ಎಂದ ಡೆಲ್ಬರ್ಟ್.

ಮತ್ತೊಂದು ಡಬ್ಬ ಬಿತ್ತು. ಈ ಸಲ ಅವಳು ಹಿಂದೆ ನೋಡಲಿಲ್ಲ.

ಇಬ್ಬರೂ ಮರಳಿ ಬರುವಾಗ ಅಂಗಡಿಯೊಳಗೆ ಮಾತು ಕೇಳಿಸಿತು. ನೋರೀನ್ ಬಾಗಿಲಲ್ಲೇ ನಿಂತಳು. ಚರ್ಚಿನ ಪಾದ್ರಿಗಳು ಬಂದಿದ್ದರು. ಹಾರ್ಲನ್‌ನ ಕನ್ನಡಕ ಮಂಜಾಗಿತ್ತು, ಅವನ ಮುಂದೆ ಬಿಚ್ಚಿದ ಭಾಗಗಳು ಹರಡಿದಂತೆಯೇ ಬಿದ್ದಿದ್ದವು.

"ಯಾರದಪ್ಪ ಇದು?" ಎಂದರು ಪಾದ್ರಿಗಳು.

"ನನ್ನ ಹೆಂಡತಿದು ಪಾದ್ರಿಗಳೇ. ಬೇಡ ಬೇಡ ಅಂದ್ರೂ ಬಿಚ್ಚಿಬಿಟ್ಲು."

"ಅಯ್ಯೋ ಪಾಪ," ಎಂದ ಪಾದ್ರಿಗಳು ಕಂಕುಳಲ್ಲಿದ್ದ ಕಂದು ಕಾಗದದ ಚೀಲವನ್ನು ಮೆಲ್ಲಗೆ ಮೇಜಿನ ಮೇಲಿಟ್ಟರು. "ಇದು ನಮ್ಮ ಸ್ನೇಹಿತರೊಬ್ಬರದು."

ನೋರೀನ್ ಯಾವ ಮಾತನ್ನೂ ತೂಗದೆ ಆಡಿದವಳಲ್ಲ. ಈ ಸಲ ತೂಗುವಂಥದ್ದೇನೂ ಇರಲಿಲ್ಲ.

"ಹೌದು ಪಾದ್ರಿಗಳೇ, ನಂದೇ," ಎನ್ನುತ್ತ ಒಳಗೆ ಬಂದಳು. "ಡೆಲ್ಬರ್ಟ್, ಅದನ್ನ ಚೀಲಕ್ಕೆ ಹಾಕಿ ನನ್ನ ಹೆಸರು ಬರಿ. ಈ ಗಿಡ್ಡದ್ದೂ ನಂಗೇ." ಆಮೇಲೆ ಗಂಡನ ಮುಂದೆ ಕೈಚಾಚಿದಳು. "ದೋಣಿ ಕೀಲಿ ಕೊಡು."

"ಅದ್ಯಾಕೆ?"

"ಅದರ ಮೇಲೂ ನನ್ನ ಹೆಸರೇ ಇದೆಯಲ್ಲ."

ಹಾರ್ಲನ್ ಪಾದ್ರಿಗಳ ಮುಖ ನೋಡಿದ. ಪಾದ್ರಿಗಳು ಸೂರು ನೋಡುತ್ತಿದ್ದರು. ಅವನ ಬೆರಳ ಸಂದಿಯಿಂದ ಸ್ಪ್ರಿಂಗೊಂದು ಟಿಂಗೆಂದು ಚಿಮ್ಮಿ ಎಲ್ಲೋ ಹೋಯಿತು.

"ಇದು..." ಎಂದ ಅವನು, ಜೇಬಿನೊಳಗೆ ಕೀಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಇದು ಒಂಥರಾ ಬೇರೆ ಇದೆ."